ಹಾಳಾದರೆ ಯಾರು ಬರುತ್ತಾರೆ?

ಮೊದಲೇ ಹೇಳಿಬಿಡುತ್ತೇನೆ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ಟರೆ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ. ಇಂಗ್ಲಿಷಿನಲ್ಲೇ ಬರೆಯಬಹುದಿತ್ತು, ಆದರೆ ಆಗ ಇದು ಇನ್ನೊಂದು ಪ್ರಾಜೆಕ್ಟ್ ರಿಪೋರ್ಟ್ ಥರ ಆಗಿಬಿಡುತ್ತಿತ್ತು. ನನ್ನ ತಕರಾರು ಇರುವುದೇ ಆ ರಿಪೋರ್ಟಿನ ಬಗ್ಗೆ.

ಮೂರನೇ ಸೆಮಿಸ್ಟರಿನಲ್ಲಿ ನಮ್ಮ ನಾಲ್ವರ ಟೀಮಿಗೆ ಒಂದು ಮಿನಿ ಪ್ರಾಜೆಕ್ಟ್ ಇತ್ತು. ವಿಷಯ 'ಸುಸ್ಥಿರ ತಂತ್ರಜ್ಞಾನ'. ಅರ್ಧ ಕ್ಲಾಸು ಸೋಲಾರ್ ಡಸ್ಟ್‌ಬಿನ್ ಅಂತ ಬರೆದುಕೊಟ್ಟಿತು. ನಾವು ಸ್ವಲ್ಪ ಬೇರೆ ಇರಲಿ ಅಂತ ಗೋಬರ್ ಗ್ಯಾಸ್ ಹಿಡಿದೆವು. ಟ್ಯಾಂಕಿಗೆ ಒಂದು ಪ್ರೆಶರ್ ಸೆನ್ಸರ್ ಹಾಕುವುದು, ಎಷ್ಟು ಗ್ಯಾಸ್ ಇದೆ ಅಂತ ಅದು ಮೊಬೈಲಿಗೆ ಮೆಸೇಜ್ ಕಳಿಸುವುದು. ಲ್ಯಾಬಿನಲ್ಲಿ ಸೈಕಲ್ ಟ್ಯೂಬ್ ಕಟ್ಟಿ ಟೆಸ್ಟ್ ಮಾಡಿದಾಗ ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲೆ ನಿಜವಾದ ಗೋಬರ್ ಗ್ಯಾಸ್ ಬೇಕಾಯಿತು. ಅದು ನನ್ನ ಅಜ್ಜಿ ಮನೆಯಲ್ಲಿತ್ತು. ಧರ್ಮಸ್ಥಳದಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸು ಹಿಡಿದು, ಮತ್ತೆ ಅಡಿಕೆ ತೋಟದ ನಡುವೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ನಾಲ್ಕೂ ಜನ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆವು.

ಅಜ್ಜಿ ನಮ್ಮ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಫ್ರೆಂಡ್ ಐದು ನಿಮಿಷ ವಿವರಿಸಿದ. ಎಲ್ಲ ಕೇಳಿಸಿಕೊಂಡು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ಹಾಳಾಂಡ ಏರ್ ಬರ್ಪೆರ್?" ಹಾಳಾದರೆ ಯಾರು ಬರುತ್ತಾರೆ?

ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. "ವಿಡಿಯೊ ಮಾಡಿ ಹಾಕ್ತೇವೆ ಅಜ್ಜಿ, ನೋಡಿ ಸರಿ ಮಾಡಬಹುದು" ಅಂತ ಒಬ್ಬ ಹೇಳಿದ. ಅಜ್ಜಿ ಏನೂ ಹೇಳದೆ ಕೋಳಿಗೂಡಿನ ಕಡೆ ಕೈ ತೋರಿಸಿದರು. ಗೂಡಿನ ಮಾಡಿನ ಮೇಲೆ, ಮಳೆ ಒಳಗೆ ಬೀಳದ ಹಾಗೆ, ಒಂದು ಸೋಲಾರ್ ಪ್ಯಾನೆಲ್ ಮಲಗಿತ್ತು.

ಆ ಪ್ಯಾನೆಲ್ಲಿನ ಕಥೆ ಹೇಳಲೇಬೇಕು. ಅಜ್ಜ ಇದ್ದಾಗ, ಒಂದು ವರ್ಷ ಅಡಿಕೆಗೆ ಒಳ್ಳೆ ರೇಟು ಬಂತು ಅಂತ ಸೋಲಾರ್ ದೀಪದ ಸೆಟ್ಟು ಹಾಕಿಸಿದ್ದರಂತೆ. ಒಂದು ಪ್ಯಾನೆಲ್, ಒಂದು ಬ್ಯಾಟರಿ, ಮೂರು ಬಲ್ಬು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡೆರಡು ದಿನ ಬರುವುದಿಲ್ಲ, ಮರ ಬಿದ್ದು ಲೈನು ಕಟ್ ಆಗಿರ್ತದೆ. ಹಾಗಾಗಿ ಆ ದೀಪ ಮನೆಯವರಿಗೆಲ್ಲ ತುಂಬ ಇಷ್ಟ ಆಗಿತ್ತು. ನಾಲ್ಕು ವರ್ಷ ಚೆನ್ನಾಗಿ ಉರಿಯಿತು. ಆಮೇಲೆ ಸಂಜೆ ಏಳಕ್ಕೆ ಹಾಕಿದರೆ ಎಂಟಕ್ಕೆ ಮಂಕಾಗತೊಡಗಿತು. ಕೊಟ್ಟ ಅಂಗಡಿಗೆ ಅಜ್ಜ ಮೂರು ಸಲ ಹೋದರು. ಮೂರನೇ ಸಲ ಹೋದಾಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು.

ನಾವು ಪ್ಯಾನೆಲ್ಲಿಗೆ ಮಲ್ಟಿಮೀಟರ್ ಇಟ್ಟು ನೋಡಿದೆವು. 19 ವೋಲ್ಟ್! ಅಷ್ಟು ವರ್ಷ ಕೋಳಿಗಳಿಗೆ ಕೊಡೆ ಹಿಡಿದ ಪ್ಯಾನೆಲ್ ಜೀವಂತ ಇತ್ತು. ಸತ್ತದ್ದು ಬ್ಯಾಟರಿ. ಲೆಡ್ ಆಸಿಡ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಪ್ಯಾನೆಲ್ಲಿನ ಆಯುಷ್ಯ 25 ವರ್ಷ ಅಂತ ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ, ಎರಡು ಮಾರ್ಕು ಸಿಗ್ತದೆ. ಅಜ್ಜಿಯ ಮಟ್ಟಿಗೆ ಸೋಲಾರಿನ ಆಯುಷ್ಯ ನಾಲ್ಕು ವರ್ಷ. ಅಕ್ಕಪಕ್ಕದ ಮನೆಯವರಿಗೂ ಅಷ್ಟೇ, ಯಾಕೆಂದರೆ ಅವರು ನೋಡಿದ್ದು ಅಜ್ಜಿ ಮನೆಯ ಸೋಲಾರನ್ನು. ಆಮೇಲೆ ಆ ಬೈಲಿನಲ್ಲಿ ಯಾರೂ ಸೋಲಾರ್ ಹಾಕಿಸಲಿಲ್ಲ.

ಜನ ಹೊಸ ತಂತ್ರಜ್ಞಾನ ಒಪ್ಪಿಕೊಳ್ಳುವುದಿಲ್ಲ, ಅವರಲ್ಲಿ ಅರಿವು ಮೂಡಿಸಬೇಕು ಅಂತ ನಮ್ಮ ಪ್ರತಿ ರಿಪೋರ್ಟಿನ ಕೊನೆ ಪುಟದಲ್ಲಿ ಇರ್ತದೆ. ನಾನೂ ಬರೆದಿದ್ದೇನೆ. ಈಗ ಆ ವಾಕ್ಯ ಓದಿದರೆ ನಾಚಿಕೆ ಆಗ್ತದೆ. ಅಜ್ಜ ಅಜ್ಜಿ ಒಪ್ಪಿಕೊಂಡಿದ್ದರು, ದುಡ್ಡೂ ಕೊಟ್ಟಿದ್ದರು. ಅರಿವು ಇಲ್ಲದ್ದು ಯಾರಿಗೆ?

ಇನ್ನು ನಮ್ಮ ಸೆನ್ಸರಿನ ಗತಿ. ಅಜ್ಜಿ ಮನೆಯದ್ದು 'ದೀನಬಂಧು' ಮಾದರಿ, ನೆಲದೊಳಗೆ ಇಟ್ಟಿಗೆಯ ಗುಮ್ಮಟ ಇರುವಂಥದ್ದು. 1984ರಲ್ಲಿ ಬಂದ ವಿನ್ಯಾಸ ಅದು. ಅದಕ್ಕೂ ಮೊದಲಿನ ಕೆಲವು ಮಾದರಿಗಳಲ್ಲಿ ಕಬ್ಬಿಣದ ಡ್ರಮ್ಮು ಮೇಲೆ ಕೆಳಗೆ ಆಗುತ್ತಿತ್ತು, ನೋಡಿದರೆ ಗ್ಯಾಸ್ ಎಷ್ಟಿದೆ ಅಂತ ಗೊತ್ತಾಗುತ್ತಿತ್ತು. ಇದರಲ್ಲಿ ಕಾಣುವುದಿಲ್ಲ, ಅದಕ್ಕೇ ಸೆನ್ಸರ್ ಬೇಕು ಅನ್ನುವುದು ನಮ್ಮ ವಾದ. ಅಜ್ಜಿ ನಕ್ಕರು. ಗ್ಯಾಸ್ ತುಂಬಿದ ಹಾಗೆಲ್ಲ ಅದು ಒಳಗಿನ ಬಗ್ಗಡವನ್ನು ಒತ್ತುತ್ತದೆ, ಹೊರಗಿನ ಗುಂಡಿಯಲ್ಲಿ ಬಗ್ಗಡ ಮೇಲೇರುತ್ತದೆ. ಬೆಳಿಗ್ಗೆ ಹಟ್ಟಿಗೆ ಹೋಗುವಾಗ ಆ ಗುಂಡಿಯನ್ನು ಒಮ್ಮೆ ನೋಡಿದರೆ ಇವತ್ತು ಅನ್ನ ಸಾರು ಎರಡೂ ಆಗ್ತದಾ, ಅನ್ನ ಮಾತ್ರವಾ ಅಂತ ಅವರಿಗೆ ಗೊತ್ತು. ಮೂವತ್ತು ವರ್ಷದಿಂದ ಗೊತ್ತು.

ಗ್ಯಾಸ್ ಕಮ್ಮಿ ಆಗಿರುವುದು ನಿಜ. ಆದರೆ ಅದರ ಕಾರಣ ಯಾವ ಸೆನ್ಸರಿಗೂ ಸಿಗುವಂಥದ್ದಲ್ಲ. ಲೆಕ್ಕ ನೋಡಿ. ಒಂದು ದನ ದಿನಕ್ಕೆ ಸುಮಾರು 10 ಕೆಜಿ ಸಗಣಿ ಹಾಕ್ತದೆ. ಹೆಚ್ಚುಕಮ್ಮಿ 25 ಕೆಜಿ ಸಗಣಿಯಿಂದ ಒಂದು ಘನ ಮೀಟರ್ ಗ್ಯಾಸ್. ಅಜ್ಜನ ಟ್ಯಾಂಕು 2 ಘನ ಮೀಟರಿನದ್ದು, ಅಂದರೆ ಐದು ದನ ಬೇಕು. ಆಗ ಹಟ್ಟಿಯಲ್ಲಿ ಐದು ಇದ್ದವು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಅಂದರೆ ಅಂದಾಜು 450 ಗ್ರಾಂ ಎಲ್‌ಪಿಜಿಗೆ ಸಮ. ಹಾಗೆ ನೋಡಿದರೆ ಹದಿನಾರು ದಿನಕ್ಕೊಂದು ಸಿಲಿಂಡರ್ ಮನೆಯ ಹಿಂದೆಯೇ ಹುಟ್ಟುತ್ತಿತ್ತು! ಈಗ ಇರುವುದು ಎರಡು ದನ. ಹುಲ್ಲು ತರಲು ಜನ ಇಲ್ಲ, ಮಾವ ಕೆಲಸಕ್ಕೆ ಮಂಗಳೂರಿಗೆ ಹೋಗಿ ಬರ್ತಾರೆ, ಅಜ್ಜಿಯ ಮೊಣಕಾಲು ನೋವು. ಹಟ್ಟಿ ಖಾಲಿಯಾದರೆ ಗೋಬರ್ ಗ್ಯಾಸೂ ಮುಗಿಯಿತು. ನಾವು 'ಬಯೋಗ್ಯಾಸ್' ಅಂತ ಒಂದು ಸಾಧನದ ಬಗ್ಗೆ ಮಾತಾಡುತ್ತೇವೆ. ಆದರೆ ಅದರೊಳಗೆ ದನ, ಹುಲ್ಲು, ಸಗಣಿ ಕಲಸುವ ಕೈ, ಬಗ್ಗಡ ಹೊತ್ತು ಅಡಿಕೆ ಬುಡಕ್ಕೆ ಹಾಕುವ ಬೆನ್ನು, ಎಲ್ಲ ಸೇರಿಕೊಂಡಿದೆ. ಆ ಕೈ ಸಾಮಾನ್ಯವಾಗಿ ಹೆಂಗಸರದ್ದು ಅನ್ನುವುದು ನಮ್ಮ ಬ್ಲಾಕ್ ಡಯಾಗ್ರಾಮಿನಲ್ಲಿ ಇರಲಿಲ್ಲ.

ಹಾಗಂತ ಗೋಬರ್ ಗ್ಯಾಸ್ ಎಲ್ಲ ಕಡೆ ಸೋತಿದೆ ಅಂದುಕೊಳ್ಳಬೇಡಿ. ಶಿರಸಿ ತಾಲೂಕಿನ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ದೇಶದ ಎಷ್ಟೋ ಕಡೆ ಸಬ್ಸಿಡಿಯಲ್ಲಿ ಕಟ್ಟಿದ ಟ್ಯಾಂಕುಗಳು ಕಸದ ಗುಂಡಿಯಾಗಿದ್ದ ಕಾಲದಲ್ಲಿ ಶಿರಸಿಯವು ಹೆಚ್ಚುಕಮ್ಮಿ ಎಲ್ಲವೂ ಉರಿಯುತ್ತಿದ್ದವು. ದನ ಸಾಕುವ ಅಡಿಕೆ ತೋಟದ ಮನೆಗಳು ಅಲ್ಲಿ ಜಾಸ್ತಿ, ಅದೂ ಒಂದು ಕಾರಣ. ಆದರೆ ಇನ್ನೊಂದು ಕಾರಣ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿ ಟ್ಯಾಂಕು ಕಟ್ಟುತ್ತಿದ್ದವರು ಊರಿನ ಸುತ್ತಮುತ್ತಲಿನವರೇ. ಸಬ್ಸಿಡಿ ಕಾಗದದಿಂದ ಹಿಡಿದು ಒಲೆ ಹೊತ್ತಿಸುವವರೆಗೆ ಎಲ್ಲ ಅವರದ್ದೇ ಜವಾಬ್ದಾರಿ, ಕಟ್ಟಿದ ಮೇಲೆ ಗ್ಯಾರಂಟಿ ಬೇರೆ. ಕೆಟ್ಟರೆ ಬರಲೇಬೇಕು, ಬರದಿದ್ದರೆ ಮುಂದಿನ ಗಿರಾಕಿ ಸಿಗುವುದಿಲ್ಲ. ಅಜ್ಜಿಯ ಪ್ರಶ್ನೆಗೆ ಶಿರಸಿಯಲ್ಲಿ ಉತ್ತರ ಇತ್ತು, ಅಷ್ಟೇ ವ್ಯತ್ಯಾಸ.

ದುಡ್ಡಿನ ವಿಷಯಕ್ಕೆ ಬರೋಣ. ಸೀಮೆಎಣ್ಣೆ ದೀಪ ಉರಿಸುವ ಮನೆ ಬೆಳಕನ್ನು ಬಾಟಲಿ ಲೆಕ್ಕದಲ್ಲಿ ಕೊಳ್ಳುತ್ತದೆ. ಸೋಲಾರ್ ಕೊಳ್ಳುವುದೆಂದರೆ ಮುಂದಿನ ಹತ್ತು ವರ್ಷದ ಬೆಳಕನ್ನು ಒಂದೇ ದಿನ ಕೊಂಡಂತೆ. ಒಟ್ಟು ಲೆಕ್ಕದಲ್ಲಿ ಲಾಭ ಇರಬಹುದು, ಆದರೆ ಆ ಒಂದೇ ದಿನದ ದುಡ್ಡು ಎಲ್ಲಿಂದ ಬರಬೇಕು? ಸೆಲ್ಕೋ ಕಂಪನಿಯನ್ನು 1995ರಲ್ಲಿ ಶುರು ಮಾಡಿದವರಲ್ಲಿ ಒಬ್ಬರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಅವರು ಒಬ್ಬ ಬೀದಿ ವ್ಯಾಪಾರಿಯ ಮಾತನ್ನು ಹಲವು ಕಡೆ ನೆನಪಿಸಿಕೊಂಡಿದ್ದಾರೆ. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ಆದರೆ ಕೊಡಬಹುದು ಅನ್ನುವುದು ಆ ಮಾತಿನ ಸಾರ. ಗಣಿತದ ಪ್ರಕಾರ ಎರಡೂ ಒಂದೇ. ನಮ್ಮ ಕ್ಲಾಸಿನಲ್ಲಿ ಯಾರಾದರೂ ಹಾಗೆ ಹೇಳಿದರೆ ನಗುತ್ತೇವೆ. ದಿನದ ದುಡಿಮೆ ದಿನಕ್ಕೇ ಕೈಗೆ ಬರುವವರಿಗೆ ಮಾತ್ರ ಅವು ಎರಡು ಬೇರೆ ಬೇರೆ ಲೆಕ್ಕ.

ಇದನ್ನು ಅರ್ಥ ಮಾಡಿಕೊಂಡ ಇನ್ನೊಂದು ಸಂಸ್ಥೆ ನಮ್ಮ ಪಕ್ಕದಲ್ಲೇ ಇದೆ ಅಂತ ನನಗೆ ಗೊತ್ತಾದದ್ದು ಪ್ರಾಜೆಕ್ಟಿಗೆ ಓದುವಾಗ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಇದೇ ಬೆಳ್ತಂಗಡಿ ತಾಲೂಕಿನಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶುರುವಾಯಿತು. ಸಂಘದ ಮೀಟಿಂಗು, ವಾರದ ಕಂತು ಇದೆಲ್ಲ ನಮಗೆ ಚಿಕ್ಕಂದಿನಿಂದ ನೋಡಿ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, 2012ರಲ್ಲಿ ಈ ಯೋಜನೆಗೆ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಬಂದದ್ದು ನವೀಕರಿಸಬಹುದಾದ ಇಂಧನಕ್ಕಾಗಿ. ಅವರು ಯಾವ ಹೊಸ ಯಂತ್ರವನ್ನೂ ಕಂಡುಹಿಡಿದಿರಲಿಲ್ಲ. ಸೋಲಾರ್ ದೀಪ, ಗೋಬರ್ ಗ್ಯಾಸ್, ಸುಧಾರಿತ ಒಲೆಗೆ ಸಣ್ಣ ಸಾಲ ಕೊಟ್ಟು, ಅದನ್ನು ವಾರದ ಕಂತಿನಲ್ಲಿ ಕಟ್ಟುವ ಹಾಗೆ ಮಾಡಿದ್ದರು. ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಲ್ಲಿ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುತ್ತಾರೆ. ಗುಂಪಿನ ಒಬ್ಬರ ಮನೆಯಲ್ಲಿ ದೀಪ ಉರಿದರೆ ಉಳಿದವರು ಅದನ್ನು ವಾರವಾರ ನೋಡುತ್ತಾರೆ. ನಮ್ಮ ಹತ್ತು ಪೋಸ್ಟರಿಗಿಂತ ಅದು ಹೆಚ್ಚು.

ಸಾಲ ಅಂದರೆ ಎಲ್ಲ ಸರಿಯಾಗ್ತದೆ ಅಂತಲೂ ನಾನು ಹೇಳುತ್ತಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ದೀಪ ಆರಿದ ಮೇಲೂ ಕಂತು ಆರುವುದಿಲ್ಲ. ಆದ್ದರಿಂದ ಕಂತು ಮುಗಿಯುವವರೆಗಾದರೂ ಯಂತ್ರ ನಡೆಯಬೇಕು, ನಡೆಸುವ ಹೊಣೆ ಮಾರಿದವರ ಮೇಲೆ ಇರಬೇಕು. ಯಾವುದೇ ಸಬ್ಸಿಡಿ ಕೊಡುವಾಗ ಸರ್ಕಾರ ಈ ಒಂದು ಷರತ್ತು ಹಾಕಿದರೂ ಸಾಕು. ಅರ್ಧ ದುಡ್ಡು ಹಾಕಿಸುವಾಗ, ಇನ್ನರ್ಧ ಮೂರು ವರ್ಷ ಆದ ಮೇಲೆ, ಯಂತ್ರ ನಡೆಯುತ್ತಿದ್ದರೆ ಮಾತ್ರ, ರಿಪೇರಿ ಮಾಡಿದವರಿಗೆ.

ಜನರನ್ನು ಕೇಳದೆ ಕೊಟ್ಟರೆ ಏನಾಗ್ತದೆ ಅನ್ನುವುದಕ್ಕೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯ ಉದಾಹರಣೆ ಇದೆ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಕಟ್ಟಿದ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಅವರ ಜೊತೆಗಾರರು ಅಲ್ಲಿ ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಕಟ್ಟಿದರು, ಅಡುಗೆಗೆ. ಅದು ನಡೆಯಲಿಲ್ಲ. ಎಲ್ಲರ ಒಲೆಗೆ ಸಾಲುವಷ್ಟು ಸಗಣಿ ಊರಲ್ಲಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಊರಿನವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. ಸೌದೆ ಹೇಗೂ ಸಿಗುತ್ತಿತ್ತು. ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ, ಕರೆಂಟು ಮಾಡಿ, ಬೋರ್‌ವೆಲ್ ನೀರನ್ನು ನಲ್ಲಿಗೆ ಏರಿಸಿ, ಮನೆಗೆ ದೀಪ ಕೊಟ್ಟಾಗ ಊರಿನವರು ಸಗಣಿ ತಂದುಹಾಕತೊಡಗಿದರು. 1987ರ ಹೊತ್ತಿನ ಮಾತು ಇದು. ಟ್ಯಾಂಕಿಗೆ ಹಾಕಿದ್ದು ಅದೇ ಸಗಣಿ, ಬಂದದ್ದು ಅದೇ ಗ್ಯಾಸ್. ಅಷ್ಟು ದೊಡ್ಡ ವಿಜ್ಞಾನಿಗಳೇ ತಮ್ಮ ತಪ್ಪನ್ನು ಬರೆದಿಟ್ಟಿದ್ದಾರೆ. ನಮ್ಮ ರಿಪೋರ್ಟುಗಳಲ್ಲಿ ಮಾತ್ರ ಎಲ್ಲ ಪ್ರಯೋಗವೂ ಯಶಸ್ವಿ!

ಈಗಿನ ಕಾಲಕ್ಕೆ ಬಂದರೆ ಎಲ್ಲರ ಬಾಯಲ್ಲಿ ಇರುವುದು ಚಾವಣಿ ಸೋಲಾರ್. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಉಂಟು. ಮಾವ ಕೂಡ ವಿಚಾರಿಸಿಕೊಂಡು ಬಂದಿದ್ದರು. "ಇದಿದ್ರೆ ಮಳೆಗಾಲದಲ್ಲಿ ಕರೆಂಟು ಹೋದ್ರೂ ತೊಂದ್ರೆ ಇಲ್ಲ ಅಲ್ವಾ?" ಅಂತ ನಮ್ಮನ್ನು ಕೇಳಿದರು. ಇಲ್ಲ ಮಾವ, ತೊಂದರೆ ಇದೆ. ಮೆಸ್ಕಾಂ ಲೈನಿಗೆ ಜೋಡಿಸಿದ ಸಾಮಾನ್ಯ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ಆಫ್ ಆಗ್ತದೆ. ಆಗಲೇಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟು ಹಿಂದಕ್ಕೆ ಲೈನಿಗೆ ಹರಿದು, ಕಂಬ ಹತ್ತಿದ ಪವರ್‌ಮ್ಯಾನಿನ ಜೀವಕ್ಕೇ ಅಪಾಯ. ಕತ್ತಲೆಯಲ್ಲೂ ದೀಪ ಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು, ಅದರ ರೇಟೇ ಬೇರೆ. ಇದನ್ನು ಮಾವನಿಗೆ ಮೊದಲು ಯಾರೂ ಹೇಳಿರಲಿಲ್ಲ. ಹಾಕಿಸಿದ ಮೇಲೆ ಜೂನಿನ ಮೊದಲ ಗಾಳಿಮಳೆಗೆ ಗೊತ್ತಾಗಿದ್ದರೆ, ಆ ಬೈಲಿನಲ್ಲಿ ಸೋಲಾರಿಗೆ ಎರಡನೇ ಸಲ ಕೆಟ್ಟ ಹೆಸರು ಬರುತ್ತಿತ್ತು.

ಇನ್ನೊಂದು ಕಥೆ ಬಿಲ್ಲಿನದ್ದು. 2023ರಿಂದ ಗೃಹಜ್ಯೋತಿ ಬಂದು ಅಜ್ಜಿ ಮನೆಯ ಕರೆಂಟು ಬಿಲ್ಲು ಸೊನ್ನೆ. ಅಜ್ಜಿಗೆ ಅದರಿಂದ ತುಂಬ ಉಪಕಾರ ಆಗಿದೆ, ಅದನ್ನು ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಆದರೆ ಸೊನ್ನೆ ಬಿಲ್ಲಿನ ಮನೆಗೆ ಹೋಗಿ ನಿಮ್ಮ ಬಿಲ್ಲು ಕಮ್ಮಿ ಆಗ್ತದೆ, ಸೋಲಾರ್ ಹಾಕಿ ಅಂತ ಯಾವ ಬಾಯಲ್ಲಿ ಹೇಳುವುದು? ಸುರಂಗಗಳ ಕಥೆಯೂ ಹೀಗೇ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು, ನೀರು ಸಿಗದಿದ್ದರೂ ಬಿಡದೆ ಮತ್ತೆ ಮತ್ತೆ ಕೊರೆದು, ಬೋಳು ಗುಡ್ಡದಲ್ಲಿ ಅಡಿಕೆ ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ. ಮೋಟರ್ ಇಲ್ಲ, ಕರೆಂಟಿಲ್ಲ, ಸುಡುವ ಕಾಯಿಲ್ಲ. ಇದಕ್ಕಿಂತ ಸುಸ್ಥಿರ ಏನು ಬೇಕು? ಆದರೆ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಇರುವಾಗ ತಿಂಗಳುಗಟ್ಟಲೆ ಗುಡ್ಡ ಕೊರೆಯುವವರು ಯಾರು? ನಾವು ಅವರನ್ನು ಸನ್ಮಾನಿಸಿ, ಸೆಲ್ಫಿ ತೆಗೆದುಕೊಂಡು, ಬೋರ್‌ವೆಲ್ ಕೊರೆಸುತ್ತೇವೆ.

ಸರ್ಕಾರಕ್ಕೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ನಮ್ಮ ಕಾಲೇಜಿಗೆ ಹೇಳಬಹುದು. ನಮ್ಮ ಪ್ರಾಜೆಕ್ಟ್ ಮೌಲ್ಯಮಾಪನದಲ್ಲಿ 'ನವೀನತೆ'ಗೆ ಮಾರ್ಕು ಇದೆ, ಪ್ರೆಸೆಂಟೇಶನ್ನಿಗೆ ಇದೆ. ಒಂದು ವರ್ಷ ಆದ ಮೇಲೂ ಅದು ನಡೆಯುತ್ತಿದೆಯಾ ಅನ್ನುವುದಕ್ಕೆ ಇಲ್ಲ. ಹೋದ ವರ್ಷದ ಎಕ್ಸ್‌ಪೋದಲ್ಲಿ ಮೊದಲ ಬಹುಮಾನ ಪಡೆದ ಮಾಡೆಲ್ ಈಗ ಎಲ್ಲಿದೆ ಗೊತ್ತಾ? ಲ್ಯಾಬಿನ ಬೀರುವಿನ ಮೇಲೆ, ಅದರ ಮೋಟರನ್ನು ಬಿಚ್ಚಿ ನಾವೇ ಬಳಸಿಕೊಂಡೆವು. ಪ್ರತಿ ಎಕ್ಸ್‌ಪೋದಲ್ಲಿ ಒಂದು ಬಹುಮಾನ ಹಿಂದಿನ ವರ್ಷದ ಪ್ರಾಜೆಕ್ಟಿಗೆ ಇಡಿ. ಅದು ಯಾರದಾದರೂ ಮನೆಯಲ್ಲಿ, ಅಂಗಡಿಯಲ್ಲಿ, ತೋಟದಲ್ಲಿ ಇನ್ನೂ ಓಡುತ್ತಿರಬೇಕು, ಅಷ್ಟೇ ನಿಯಮ. ಆ ಬಹುಮಾನ ಒಂದೆರಡು ವರ್ಷ ಯಾರಿಗೂ ಸಿಗಲಿಕ್ಕಿಲ್ಲ. ಪರವಾಗಿಲ್ಲ.

ಎರಡನೆಯದು, ಡಿಗ್ರಿ ಸಿಗಬೇಕಾದರೆ ನಾವೆಲ್ಲ 100 ಆಕ್ಟಿವಿಟಿ ಪಾಯಿಂಟ್ ಮಾಡಬೇಕು. ಆ ಪಾಯಿಂಟುಗಳು ಹೇಗೆ ಸಿಗುತ್ತವೆ ಅಂತ ಎಲ್ಲರಿಗೂ ಗೊತ್ತು, ಇಲ್ಲಿ ಬರೆಯುವುದು ಬೇಡ. ಅದರ ಬದಲು ಸುತ್ತಮುತ್ತಲಿನ ಒಂದೊಂದು ಗ್ರಾಮ ತೆಗೆದುಕೊಂಡು, ಅಲ್ಲಿ ಸತ್ತು ಬಿದ್ದಿರುವ ಸೋಲಾರ್ ದೀಪ, ಬೀದಿದೀಪ, ವಾಟರ್ ಹೀಟರ್, ಗೋಬರ್ ಗ್ಯಾಸ್ ಎಷ್ಟು ಅಂತ ಪಟ್ಟಿ ಮಾಡೋಣ. ಸರಿ ಮಾಡಲಾಗುವುದನ್ನು ಸರಿ ಮಾಡೋಣ. ಪುಸ್ತಕದಲ್ಲಿ ಇಲ್ಲದ ಎಷ್ಟೋ ಕಾರಣಗಳು ಆ ಪಟ್ಟಿಯಲ್ಲಿ ಸಿಗುತ್ತವೆ. ಇರುವೆ ಹೊಕ್ಕ ಚಾರ್ಜ್ ಕಂಟ್ರೋಲರ್, ಪ್ಯಾನೆಲ್ಲಿನ ಮೇಲೆ ನೆರಳು ಹಾಕುವಷ್ಟು ಬೆಳೆದ ತೇಗದ ಮರ.

ಅಜ್ಜಿ ಮನೆಯಲ್ಲಿ ಆ ದಿನ ನಾವು ಅದನ್ನೇ ಮಾಡಿದ್ದು. ಒಲೆಯ ಜ್ವಾಲೆ ಬಿಟ್ಟು ಬಿಟ್ಟು ಉರಿಯುತ್ತಿತ್ತು. ಗ್ಯಾಸ್ ಕಮ್ಮಿ, ಅದಕ್ಕೇ ಅಂತ ಮಾವ ಅಂದುಕೊಂಡಿದ್ದರು. ಪೈಪಿನ ತಗ್ಗಿನಲ್ಲಿ ಒಂದು ನಲ್ಲಿ ಇರ್ತದೆ, ಗ್ಯಾಸಿನ ಜೊತೆ ಬರುವ ಆವಿ ತಣಿದು ನೀರಾಗಿ ನಿಂತರೆ ತೆಗೆಯಲಿಕ್ಕೆ. ಅದು ತುಕ್ಕು ಹಿಡಿದು ಮುಚ್ಚಿಹೋಗಿತ್ತು. ಪಕ್ಕದ ಮನೆಯಿಂದ ಸ್ಪ್ಯಾನರ್ ತಂದು, ತೆಂಗಿನೆಣ್ಣೆ ಹಾಕಿ, ಅರ್ಧ ಗಂಟೆ ಒದ್ದಾಡಿ ತೆರೆದೆವು. ಒಂದು ಚೊಂಬಿನಷ್ಟು ಕಪ್ಪು ನೀರು ಬಂತು. ಆಮೇಲೆ ಒಲೆ ನೀಲಿಯಾಗಿ, ಒಂದೇ ಸಮ ಉರಿಯಿತು. ಅಜ್ಜಿ ಎಲ್ಲರಿಗೂ ಕಾಫಿ ಮಾಡಿದರು. ನಮ್ಮ ಸೆನ್ಸರ್ ಬ್ಯಾಗಿನೊಳಗೇ ಇತ್ತು. ರಿಪೋರ್ಟಿನಲ್ಲಿ ಈ ನಲ್ಲಿಯ ವಿಷಯ ಬರೆದದ್ದಕ್ಕೆ "ಇದರಲ್ಲಿ ಹೊಸತೇನಿದೆ?" ಅಂತ ಪ್ರಶ್ನೆ ಬಂತು, ಮಾರ್ಕು ಎಷ್ಟು ಬಂತು ಅಂತ ಕೇಳಬೇಡಿ.

ಹೊರಡುವಾಗ ನನ್ನ ಫೋನ್ ನಂಬರನ್ನು ಅಡುಗೆಮನೆ ಗೋಡೆಯ ಮೇಲೆ ದೊಡ್ಡದಾಗಿ ಬರೆದೆ, ಹಾಳಾದರೆ ನಾವೇ ಬರ್ತೇವೆ ಅಜ್ಜಿ ಅಂದೆ. "ಆಯ್ತು ಮಗಾ, ನೀನು ಪಾಸಾಗಿ ಬೆಂಗಳೂರಿಗೆ ಹೋದ ಮೇಲೆ?" ಅಂದರು.

ಅದಕ್ಕೆ ಇನ್ನೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆ ಬೈಲಿನಲ್ಲೇ ಐಟಿಐ ಓದುತ್ತಿರುವ ಒಬ್ಬ ಹುಡುಗ ಇದ್ದಾನೆ, ಅವನಿಗೆ ಬ್ಯಾಟರಿ ಕೆಲಸ ಕಲಿಸುವ ಆಲೋಚನೆ ಉಂಟು. ನಿಜ ಹೇಳಬೇಕೆಂದರೆ ವೈರಿಂಗ್ ಅವನಿಗೆ ನಮಗಿಂತ ಚೆನ್ನಾಗಿ ಬರ್ತದೆ. ಕೋಳಿಗೂಡಿನ ಪ್ಯಾನೆಲ್ಲಿಗೆ ಹೊಸ ಬ್ಯಾಟರಿ ತರಲು ನಾಲ್ವರೂ ದುಡ್ಡು ಒಟ್ಟು ಮಾಡುತ್ತಿದ್ದೇವೆ, ಕೋಳಿಗಳಿಗೆ ಶೀಟು ಹಾಕಿಸುವುದಾಗಿ ಮಾವ ಒಪ್ಪಿದ್ದಾರೆ. ಮುಂದಿನ ತಿಂಗಳ ಎರಡನೇ ಶನಿವಾರ ಮತ್ತೆ ಹೋಗುತ್ತೇವೆ. ಫಸ್ಟ್ ಇಯರಿನವರು ಯಾರಾದರೂ ಬರುವುದಾದರೆ ನಮ್ಮ ಸಂಘದ ರೂಮಿನಲ್ಲಿ ಹೆಸರು ಕೊಡಿ. ಬರುವಾಗ ಸ್ಪ್ಯಾನರ್ ಸೆಟ್ ಇದ್ದವರು ತನ್ನಿ, ಪಕ್ಕದ ಮನೆಯವರಿಗೆ ಅವರದ್ದು ವಾಪಸ್ ಬೇಕಂತೆ.